ಮನೆ ಎಷ್ಟು ಅಂತ ಕೇಳಬೇಡಿ, ಒಲೆ ಎಷ್ಟು ಅಂತ ಕೇಳಿ: ಜನಗಣತಿಗೆ ಹೋದ ನನ್ನ ಅನುಭವ

ನಮ್ಮ ಶಾಲೆಗೆ ಹೊಸದಾಗಿ ಬಂದ ಟೀಚರ್ ಒಬ್ಬರು ಮೊನ್ನೆ ಕೇಳಿದರು, "ಟೀಚರೇ, ನೀವು ಹಿಂದಿನ ಸಲ ಗಣತಿಗೆ ಹೋಗಿದ್ರಲ್ಲ, ಅದರಲ್ಲಿ ಕಷ್ಟ ಎಂತದ್ದು?" ಬಿಸಿಲು, ನಾಯಿ ಅಂತ ಹೇಳಿ ನಕ್ಕುಬಿಟ್ಟೆ. ಮನೆಗೆ ಬಂದ ಮೇಲೆ ಅನ್ನಿಸಿತು, ಅದು ಸರಿಯಾದ ಉತ್ತರ ಅಲ್ಲ. ನಿಜವಾದ ಕಷ್ಟ ಇದ್ದದ್ದು ಒಂದು ಮನೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಅಂತ ತೀರ್ಮಾನ ಮಾಡುವುದರಲ್ಲಿ. 2021ರಲ್ಲಿ ಆಗಬೇಕಿದ್ದ ಗಣತಿ ಕೊರೋನಾದಿಂದ ಮುಂದೆ ಹೋಯಿತು. ಈಗ 2027ರ ಮಾರ್ಚ್ 1ರ ಲೆಕ್ಕಕ್ಕೆ ತಯಾರಿ. ಹೊಸಬರಿಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ.

ನಾನು ಹೋದದ್ದು 2011ರ ಗಣತಿಗೆ. ಉಡುಪಿ ಜಿಲ್ಲೆಯ ಕುಂದಾಪುರ ತಾಲೂಕು, ಕಡಲ ಬದಿಯ ಒಂದು ಊರು. ಊರಿನ ಹೆಸರು, ಮನೆಯವರ ಹೆಸರು ಹೇಳುವುದಿಲ್ಲ. ಗಣತಿಯಲ್ಲಿ ಕೊಟ್ಟ ಮಾಹಿತಿ ಗುಟ್ಟಾಗಿರಬೇಕು ಅಂತ 1948ರ ಕಾಯ್ದೆಯೇ ಹೇಳುತ್ತದೆ, ಹದಿನೈದು ವರ್ಷ ಕಳೆದರೂ ಆ ಮಾತು ಮಾತೇ. ಹಾಗಾಗಿ ಇಲ್ಲಿ ಗುರುತು ಸ್ವಲ್ಪ ಅತ್ತಿತ್ತ ಮಾಡಿದ್ದೇನೆ.

2010ರಲ್ಲಿ ಮೊದಲು ಮನೆಪಟ್ಟಿ ಮಾಡಿದೆವು, 35 ಪ್ರಶ್ನೆ. ಗೋಡೆ ಎಂತದ್ದು, ಮಾಡು (ಛಾವಣಿ) ಎಂತದ್ದು, ನೀರು ಎಲ್ಲಿಂದ, ಟಿವಿ ಇದೆಯಾ, ಅಂಥದ್ದೆಲ್ಲ. ಅದು ಸಲೀಸು, ಅರ್ಧ ಕಣ್ಣಿಗೇ ಕಾಣುತ್ತದೆ. ಜನರನ್ನು ಎಣಿಸಿದ್ದು 2011ರ ಫೆಬ್ರವರಿ 9ರಿಂದ 28ರವರೆಗೆ, 29 ಪ್ರಶ್ನೆ. ಪೇಚಾಟ ಶುರುವಾದದ್ದು ಅಲ್ಲಿಂದ.

ತರಬೇತಿಯಲ್ಲಿ ಹೇಳಿಕೊಟ್ಟಿದ್ದರು: ಕುಟುಂಬ ಅಂದರೆ ರಕ್ತಸಂಬಂಧ ಅಲ್ಲ, ಒಂದೇ ಮಾಡು ಅಲ್ಲ, ಒಟ್ಟಿಗೆ ಇದ್ದು ಒಂದೇ ಅಡುಗೆಮನೆಯಲ್ಲಿ ಊಟ ಮಾಡುವವರು. ಕೇಳುವಾಗ ಎಷ್ಟು ಸುಲಭ ಅಲ್ವಾ? ಮೂರನೇ ದಿನವೇ ಒಂದು ದೊಡ್ಡ ಹಂಚಿನ ಮನೆ ಸಿಕ್ಕಿತು. ಜಗಲಿಯಲ್ಲಿ ಯಜಮಾನರು ಕವಳ ಹಾಕುತ್ತಾ ಕೂತಿದ್ದರು. "ನಮ್ದೆಲ್ಲ ಒಟ್ಟು ಕುಟುಂಬ ಟೀಚರೇ, ಹನ್ನೊಂದು ಜನ, ಒಂದೇ ಮನೆ." ಒಲೆ ಎಷ್ಟು ಅಂತ ಕೇಳಿದೆ. "ಒಂದೇ." ಅವರ ಬೆನ್ನ ಹಿಂದೆ ಬಾಗಿಲಲ್ಲಿ ನಿಂತಿದ್ದ ಸೊಸೆ ಸುಮ್ನೆ ಎರಡು ಬೆರಳು ತೋರಿಸಿದರು, ಮುಖದಲ್ಲಿ ಒಂಚೂರೂ ನಗು ಇಲ್ಲ. ಈಗ ನಾನು ಏನು ಮಾಡಬೇಕು? ಜಗಲಿಯಲ್ಲಿ ಕೂತು ಆ ಮಾತು ಎತ್ತಿದರೆ ನಾನು ಹೋದ ಮೇಲೆ ಆ ಹೆಂಗಸಿನ ಗತಿ ಏನಾಗಬೇಕು! ಬಾಯಾರಿಕೆ ಅಂದೆ. ಒಳಗೆ ಹೋಗಿ ನೀರು ಬೆಲ್ಲ ಇಸ್ಕೊಂಡು ನೋಡಿದರೆ ಅಡುಗೆಮನೆಯಲ್ಲಿ ಒಂದು ಒಲೆ, ಹಿಂದಿನ ಚಾವಡಿಯಲ್ಲಿ ಗ್ಯಾಸ್ ಮೇಲೆ ಬೇರೆ ಕುಕ್ಕರ್, ಬೇರೆ ಅಕ್ಕಿ ಡಬ್ಬ. ತಮ್ಮನ ಸಂಸಾರ ಎರಡು ವರ್ಷದಿಂದ ಬೇರೆಯೇ ಉಣ್ಣುತ್ತಿದೆ. ಎರಡು ಕುಟುಂಬ ಅಂತಲೇ ಬರೆದೆ. ಯಜಮಾನರಿಗೆ ಹೇಳಿದ್ದು ಇಷ್ಟೇ: "ಫಾರಂ ಒಂದರಲ್ಲಿ ಹಿಡಿಸುವುದಿಲ್ಲ, ಎರಡು ತಗೊಂಡೆ."

ಇದರ ಉಲ್ಟಾ ಕೂಡ ಇತ್ತು. ಒಲೆ ಒಂದೇ, ಆದರೆ ಎರಡು ಅಂತ ಬರೆಸಿದರೆ ರೇಷನ್ ಕಾರ್ಡು ಎರಡು ಸಿಗಬಹುದು ಅಂತ ಆಸೆ. ಗಣತಿಗೂ ಕಾರ್ಡಿಗೂ ಸಂಬಂಧ ಇಲ್ಲ ಅಂತ ಹೇಳಿ ಹೇಳಿ ನನ್ನ ಗಂಟಲು ಬಿದ್ದುಹೋಯಿತು. ಕೊನೆಗೆ ಒಂದು ಉಪಾಯ ಕಂಡುಕೊಂಡೆ. ಒಲೆ ಅಂತ ಕೇಳುವುದೇ ಬಿಟ್ಟೆ. "ನಿನ್ನೆ ರಾತ್ರಿ ಗಂಜಿ ಯಾರು ಬೇಯಿಸಿದ್ದು, ಯಾರೆಲ್ಲ ಉಂಡದ್ದು?" ಅಂತ ಕೇಳಿದರೆ ಸತ್ಯ ತಾನಾಗಿ ಬರುತ್ತಿತ್ತು. ನಿನ್ನೆಯ ಊಟದ ಬಗ್ಗೆ ಸುಳ್ಳು ಹೇಳಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ.

ಇನ್ನು ವಯಸ್ಸು. ಮಕ್ಕಳದ್ದು ತೊಂದರೆ ಇಲ್ಲ, ಹೆಚ್ಚಿನವರು ನಮ್ಮ ಶಾಲೆಯವರೇ, ನನಗೇ ಗೊತ್ತು. ಹಿರಿಯರು ಮಾತ್ರ ಎಲ್ಲರೂ ಐವತ್ತು, ಅರವತ್ತು, ಅರವತ್ತೈದು! ಐವತ್ತೇಳು, ಅರವತ್ತೊಂದು ಅನ್ನುವವರೇ ಇಲ್ಲ. ಇದು ನಮ್ಮೂರಿನ ರೋಗ ಅಲ್ಲ, ದೇಶದ ಗಣತಿಯ ಪಟ್ಟಿಯಲ್ಲೂ ಸೊನ್ನೆ, ಐದರಲ್ಲಿ ಮುಗಿಯುವ ವಯಸ್ಸಿನಲ್ಲಿ ಜನ ಗುಂಪು ಕಟ್ಟಿಕೊಂಡು ನಿಂತಿರುತ್ತಾರೆ. ನಾನು ಊರಿನ ನೆನಪಿಗೆ ಜೋತುಬಿದ್ದೆ. ಒಬ್ಬರು ಅಜ್ಜಿ "ಗೊತ್ತಿಲ್ಲೆ ಮಗಾ, ಒಂದ್ ಎಪ್ಪತ್ ಬರ್ಕೊ" ಅಂದರು. ಮದುವೆ ಆದದ್ದು ಯಾವಾಗ ಅಂದೆ. ಮದ್ರಾಸಿನ ಕಾಲದಲ್ಲಂತೆ. ಅಂದರೆ 1956ರ ನವೆಂಬರ್‌ಗೆ ಮುಂಚೆ, ನಮ್ಮ ಕಡೆಯೂ ಸೇರಿದ್ದ ಆಗಿನ ದಕ್ಷಿಣ ಕನ್ನಡ ಇನ್ನೂ ಮದ್ರಾಸಿಗೆ ಸೇರಿದ್ದಾಗ. ಗಾಂಧಿ ಸತ್ತ ಸುದ್ದಿ ನೆನಪಿದೆ, ಆಗ ತಲೆಯ ಮೇಲೆ ಸೊಪ್ಪು ಹೊರುತ್ತಿದ್ದರಂತೆ. 1948ರಲ್ಲಿ ಸೊಪ್ಪಿನ ಹೊರೆ ಹೊರಬೇಕಾದರೆ ಹತ್ತು ಹನ್ನೆರಡಾದರೂ ಆಗಿರಬೇಕು. 74 ಬರೆದೆ. ಒಬ್ಬರಿಗೇ ಮುಕ್ಕಾಲು ಗಂಟೆ ಹೋಯಿತು.

ಕೆಲಸದ ಪ್ರಶ್ನೆಗೆ ಬಂದರೆ ನಮ್ಮ ಹೆಂಗಸರ ಉತ್ತರ ಒಂದೇ, "ಎಂತದೂ ಇಲ್ಲ, ಮನೆಯಲ್ಲೇ." ಹಾಗೆ ಹೇಳಿದ ಒಬ್ಬರ ಮಡಿಲಲ್ಲಿ ಬೀಡಿಯ ಗೆರಸೆ ಇತ್ತು. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುತ್ತಿ, ನೂಲು ಕಟ್ಟುವ ಕೈ ನನ್ನ ಜೊತೆ ಮಾತಾಡುವಾಗ ಒಂದು ಸಲವೂ ನಿಲ್ಲಲಿಲ್ಲ. ವಾರದಲ್ಲಿ ಎಷ್ಟು ದಿನ ಸುತ್ತುತ್ತೀರಿ ಅಂತ ಕೇಳಿದೆ. ದಿನಾ! ಮೀನು ಮಾರಲು ಹೋಗುವವರಂತೂ ಬುಟ್ಟಿ ಪಕ್ಕದಲ್ಲಿ ಇಟ್ಟುಕೊಂಡೇ "ಕೆಲಸ ಇಲ್ಲ" ಅಂತ ಬರೆಸಲು ಹೊರಟಿದ್ದರು. ಹೊಸ ಟೀಚರಿಗೆ ನನ್ನ ಮಾತು ಇದು: ಈ ಕಾಲಂನಲ್ಲಿ ಗಂಡಸರನ್ನು ಕೇಳಿ ಹೆಂಗಸರದ್ದು ಬರೆಯಬೇಡಿ. ಹೆಂಗಸರು ಹೇಳಿದ್ದನ್ನೂ ಹಾಗೇ ಬರೆಯಬೇಡಿ, ಕೈ ನೋಡಿ.

ವಲಸೆ ಕಾಲಂ ತಮಾಷೆಯದ್ದು. ಹಿಂದೆ ಎಲ್ಲಿದ್ದಿರಿ, ಇಲ್ಲಿಗೆ ಯಾಕೆ ಬಂದಿರಿ. ಊರಿನಲ್ಲಿ ವಲಸೆ ಬಂದವರು ಯಾರು ಅಂದರೆ ಎಲ್ಲರೂ ಕಟ್ಟಡ ಕೆಲಸಕ್ಕೆ ಬಂದ ಬಾಗಲಕೋಟೆ, ಕೊಪ್ಪಳದ ಶೆಡ್ಡಿನ ಕಡೆ ಕೈ ತೋರಿಸುತ್ತಾರೆ. ನನ್ನ ಫಾರಂ ಪ್ರಕಾರ ಹೆಚ್ಚಿನ ವಲಸಿಗರು ಇದ್ದದ್ದು ಹಂಚಿನ ಮನೆಗಳ ಒಳಗೆ, ಕಾರಣ: ಮದುವೆ. ಹೊರಗಿಂದ ಬಂದ ಸೊಸೆಯಂದಿರು ಎಲ್ಲರೂ, ನಾನೂ ಸೇರಿ. ಶೆಡ್ಡಿನವರು "ನಮ್ಮೂರಾಗ ಬರಸ್ತೀವ್ರಿ" ಅಂದರು. ಈ ಇಪ್ಪತ್ತು ದಿನ ನೀವು ಊರಿಗೆ ಹೋಗುವುದಿಲ್ಲವಲ್ಲ, ಅಲ್ಲಿ ನಿಮ್ಮನ್ನು ಬರೆಯುವವರು ಯಾರು ಅಂತ ಕೇಳಿ ಅವರನ್ನೂ ಇಲ್ಲೇ ಎಣಿಸಿದೆ.

ಇದ್ದಲ್ಲೇ ಎಣಿಸುವ ಅದೇ ನಿಯಮ ನಮ್ಮವರಿಗೂ ಅನ್ವಯ ಅಲ್ವಾ? ಮುಖ್ಯ ಸಂಗತಿ ಅದೇ. ನಮ್ಮ ಕಡೆ ಮನೆಗೊಬ್ಬ ಗಂಡಸು ಮುಂಬೈ ಹೋಟೆಲಿನಲ್ಲಿ, ಇಲ್ಲ ಬೆಂಗಳೂರಿನಲ್ಲಿ, ಇಲ್ಲ ದುಬೈ, ಕುವೈತಿನಲ್ಲಿ. ಒಬ್ಬ ಅಮ್ಮ ಮನೆಯವರ ಹೆಸರು ಹೇಳುವಾಗ ಮೊದಲು ಹೇಳಿದ್ದೇ ಮುಂಬೈಯಲ್ಲಿರುವ ಮಗನ ಹೆಸರು. ನಾನೂ ಮಾತಿನ ಭರದಲ್ಲಿ ಬರೆದುಬಿಟ್ಟೆ. ಆಮೇಲೆ ಕೇಳಿದರೆ ಅವನು ಬಂದು ಒಂದು ವರ್ಷದ ಮೇಲಾಗಿದೆ, ಅಲ್ಲೇ ರೂಮು, ಅಲ್ಲೇ ಊಟ. ಅಲ್ಲಿಯವರು ಅವನನ್ನು ಅಲ್ಲಿ ಎಣಿಸುತ್ತಾರೆ, ನಾನೂ ಬರೆದರೆ ಒಬ್ಬನೇ ಮನುಷ್ಯ ಎರಡಾಗುತ್ತಾನೆ. ಅವರ ಕಣ್ಣೆದುರೇ ಆ ಸಾಲಿಗೆ ಗೆರೆ ಎಳೆದೆ. "ನನ್ನ ಮಗನ್ ಹೆಸ್ರ್ ಹೊಡ್ದ್ ಹಾಕ್ದ್ಯಾ?" ಅಂದರು. ಈ ಮನೆ ಕಟ್ಟಿಸಿದ್ದೇ ಅವನು, ಕರೆಂಟ್ ಬಿಲ್ಲು ಕಟ್ಟುವುದು ಅವನು, ಮನೆಯಲ್ಲಿ ಅವನೇ ಇಲ್ಲ ಅಂತ ನಾನು ಸರ್ಕಾರಿ ಫಾರಂನಲ್ಲಿ ಬರೆದು ಕೊಡುತ್ತಿದ್ದೇನೆ. ನಿಯಮ ಸರಿಯೇ, ನಾನು ಗೆರೆ ಎಳೆದದ್ದೂ ಸರಿಯೇ. ಆದರೂ ಪೆನ್ಸಿಲಿನಲ್ಲಿ ಮೊದಲು ಗುರುತು ಹಾಕಿಕೊಂಡು ಕೇಳಬೇಕಿತ್ತು, ಪೆನ್ನಿನಲ್ಲಿ ಬರೆದು ಹೊಡೆದದ್ದು ನನ್ನ ತಪ್ಪು.

ಲೆಕ್ಕ ಹೊರಗೆ ಬಂದಾಗ ಉಡುಪಿ ಜಿಲ್ಲೆಯ ಜನಸಂಖ್ಯೆ 11,77,361. ಸಾವಿರ ಗಂಡಸರಿಗೆ 1094 ಹೆಂಗಸರು, ರಾಜ್ಯದಲ್ಲೇ ಜಾಸ್ತಿ. ರಾಜ್ಯದ ಲೆಕ್ಕ 973. ಪೇಪರಿನವರು ಓ ಅಂತ ಹೊಗಳಿದರು, ಹೆಣ್ಣಿಗೆ ಎಷ್ಟು ಬೆಲೆ ಇರುವ ಜಿಲ್ಲೆ ಅಂತ. ಬೆಲೆ ಇರಬಹುದು, ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ನಾಡು ಇದು. ಆದರೆ ಆರು ವರ್ಷದ ಒಳಗಿನ ಮಕ್ಕಳ ಲೆಕ್ಕ ತೆಗೆದರೆ ಇದೇ ಜಿಲ್ಲೆಯಲ್ಲಿ ಗಂಡು ಮಕ್ಕಳೇ ಹೆಚ್ಚು. ಹುಟ್ಟುವಾಗ ಹೆಚ್ಚಿದ್ದವರು ಆಮೇಲೆ ಎಲ್ಲಿ ಹೋದರು? ನಾನು ಗೆರೆ ಎಳೆದ ಸಾಲುಗಳಲ್ಲಿ ಹೋದರು. ಬೆಂಗಳೂರು ನಗರ ಜಿಲ್ಲೆಯಲ್ಲಿ ಅದೇ ಗಣತಿಯಲ್ಲಿ ಸಾವಿರಕ್ಕೆ 916, ಮುಂಬೈಯಲ್ಲಿ ಇನ್ನೂ ಕಡಿಮೆ. ನಮ್ಮಲ್ಲಿ ಕಳೆದವರು ಅಲ್ಲಿ ಕೂಡಿದ್ದಾರೆ. ಗಲ್ಫಿಗೆ ಹೋದವರು ಎಲ್ಲಿಯೂ ಕೂಡಲಿಲ್ಲ, ಅವರು ದೇಶದ ಲೆಕ್ಕದಿಂದಲೇ ಹೊರಗೆ.

ನಮ್ಮ ಊರಿನ ಪಟ್ಟಿ ಬಂದ ಮೇಲೆ ಹುಡುಕಿ ನೋಡಿದೆ. ಇಡೀ ಊರು ಒಂದು ಸಾಲು. ಕುಟುಂಬ ಎಷ್ಟು, ಜನ ಎಷ್ಟು, ಗಂಡು ಹೆಣ್ಣು, ಆರರ ಒಳಗಿನ ಮಕ್ಕಳು, ಪರಿಶಿಷ್ಟರು, ಓದು ಬಲ್ಲವರು, ದುಡಿಯುವವರು. ಜನವನ್ನು ಕುಟುಂಬದಿಂದ ಭಾಗಿಸಿದರೆ ಮನೆಗೆ ಸರಾಸರಿ ಎಷ್ಟು ಜನ ಅಂತ ಸಿಗುತ್ತದೆ. ಸಾಕು ಅನ್ನುವವರಿಗೆ ಸಾಕು. ನನಗೆ ಬೇಕಿದ್ದದ್ದು ಅದರಲ್ಲಿ ಇರಲಿಲ್ಲ: ಅರವತ್ತು ದಾಟಿದ ಹೆಂಗಸು ಒಬ್ಬರೇ ಇರುವ ಮನೆ ಎಷ್ಟು? ನಾನು ಮುಕ್ಕಾಲು ಗಂಟೆ ಕೂತು ಕಂಡುಹಿಡಿದ ಆ 74, ಊರಿನ ಸಾಲಿನಲ್ಲಿ ಎಲ್ಲೂ ಕಾಣಲಿಲ್ಲ. ಊರಿನ ಮಟ್ಟದಲ್ಲಿ ವಯಸ್ಸು ಕೊಡುವುದೇ ಇಲ್ಲ, ಅದು ಮೇಲಿನ ಮಟ್ಟದ ಪಟ್ಟಿಗಳಲ್ಲಿ ಸೇರಿಹೋಗುತ್ತದೆ. ಪಂಚಾಯಿತಿಯವರಿಗೆ ಪಿಂಚಣಿ, ಆಸ್ಪತ್ರೆ ಅಂತ ಯೋಚಿಸಲು ಬೇಕಾದದ್ದೇ ಅದು.

ಅಂದ ಹಾಗೆ ಆ ಅಜ್ಜಿ. ಫೆಬ್ರವರಿ 28ರ ರಾತ್ರಿ ಸೂಪರ್‌ವೈಸರ್ ಜೊತೆ ಹೋಗಿ ಬಸ್‌ಸ್ಟ್ಯಾಂಡ್, ಅಂಗಡಿ ಜಗಲಿಯಲ್ಲಿ ಮಲಗಿದ್ದ ಮನೆ ಇಲ್ಲದವರನ್ನು ಎಣಿಸಿದೆವು. ಮಾರ್ಚ್ 1ರಿಂದ 5ರವರೆಗೆ ಪ್ರತಿ ಮನೆಗೂ ಇನ್ನೊಂದು ಸುತ್ತು: 28ರ ನಡುರಾತ್ರಿಯ ಒಳಗೆ ಹುಟ್ಟಿದವರಿದ್ದರೆ ಸೇರಿಸುವುದು, ಸತ್ತವರಿದ್ದರೆ ತೆಗೆಯುವುದು. ಅಜ್ಜಿಯ ಮನೆ ದಾರಿ ಹತ್ತುವಾಗ ಮುಂಚೆಯೇ ಪೆನ್ನು ಚೀಲದೊಳಗೆ ಹಾಕಿಕೊಂಡಿದ್ದೆ. ಅವರು ಅಂಗಳದಲ್ಲಿ ತೆಂಗಿನ ಮಡಲು ಹೆಣೆಯುತ್ತಾ ಕೂತಿದ್ದರು. ನನ್ನನ್ನು ನೋಡಿ, "ಮತ್ತೆಂತಕ್ಕೆ ಬಂದದ್ದ್ ಮಗಾ, ನಾನ್ ಇನ್ನೂ ಇದ್ದೆ" ಅಂದರು.