ಕೈಕೆಲಸದ ಒಡವೆಯೋ, ಎರಕದ ಒಡವೆಯೋ: ಆರಿಸುವುದು ಹೇಗೆ?

ಚಿನ್ನದಂಗಡಿಯಲ್ಲಿ ಅಕ್ಕಪಕ್ಕ ಇಟ್ಟ ಎರಡು ಉಂಗುರಗಳಲ್ಲಿ ಒಂದನ್ನು ಅಕ್ಕಸಾಲಿಗರು ತಗಡು, ತಂತಿಗಳಿಂದ ಕೂಡಿಸಿರಬಹುದು, ಇನ್ನೊಂದು ಇಡಿಯಾಗಿ ಎರಕದಲ್ಲಿ ಬಂದಿರಬಹುದು. ಎರಡೂ 22 ಕ್ಯಾರೆಟ್ಟಿನವಾದರೆ ಶುದ್ಧತೆಯಲ್ಲಿ ಹೆಚ್ಚುಕಡಿಮೆಯಿಲ್ಲ. ಬಾಳಿಕೆ, ತೂಕ, ಮಜೂರಿ ಮತ್ತು ರಿಪೇರಿಯಲ್ಲಿ ಮಾತ್ರ ವ್ಯತ್ಯಾಸವುಂಟು. ಆದ್ದರಿಂದ ಕೈಕೆಲಸವೇ ಮೇಲೆಂದು ಮೊದಲೇ ನಿಶ್ಚಯಿಸಿಕೊಂಡು ಹೋಗುವುದಕ್ಕಿಂತ, ಕೊಳ್ಳುವ ಒಡವೆ ಯಾವ ಬಗೆಯ ಎಳೆತ, ಸವೆತಗಳನ್ನು ತಾಳಬೇಕೆಂದು ಯೋಚಿಸುವುದು ಲೇಸು.

ಮೊದಲು ತಯಾರಿಕೆಯ ಬಗೆಯನ್ನು ತಿಳಿದುಕೊಳ್ಳಬೇಕು. ಕೈಕೆಲಸದಲ್ಲಿ ಚಿನ್ನವನ್ನು ಬಡಿದು, ಒತ್ತಿ ತಗಡು ಮಾಡುತ್ತಾರೆ, ರಂಧ್ರಗಳಿರುವ ಉಕ್ಕಿನ ಪಟ್ಟಿಯಲ್ಲಿ ಎಳೆದು ತಂತಿ ತೆಗೆಯುತ್ತಾರೆ, ಬಳಿಕ ಬಿಡಿಭಾಗಗಳನ್ನು ಬೆಸೆಯುತ್ತಾರೆ. ಹೀಗೆ ಪೆಟ್ಟು ತಿಂದ ಲೋಹ ಗಡುಸಾಗುತ್ತದೆ. ಬೆಸುಗೆಯ ಕಾವಿಗೆ ಆ ಗಡಸುತನ ಸ್ವಲ್ಪ ಇಳಿಯುವುದೂ ಉಂಟು. ಎರಕದಲ್ಲಿ ರಬ್ಬರ್ ಅಚ್ಚಿನಿಂದ ತೆಗೆದ ಮೇಣದ ಪ್ರತಿಗಳನ್ನು ಒಂದು ಕಾಂಡಕ್ಕೆ ಅಂಟಿಸಿ, ಸುತ್ತಲೂ ಪ್ಲಾಸ್ಟರ್ ತುಂಬಿ, ಕುಲುಮೆಯಲ್ಲಿ ಮೇಣವನ್ನು ಉರಿಸಿ ಕಳೆದು, ಆ ಪೊಳ್ಳಿಗೆ ಕರಗಿದ ಚಿನ್ನವನ್ನು ಸುರಿಯುತ್ತಾರೆ. ಇದನ್ನು ಯಂತ್ರಯುಗದ ಅಗ್ಗದ ಉಪಾಯವೆಂದು ಹಳಿಯುವವರಿದ್ದಾರೆ. ಆದರೆ ಮೇಣದ ಎರಕದಿಂದ ವಿಗ್ರಹ ಮಾಡುವ ಕ್ರಮವನ್ನು ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿಯೇ ವಿವರಿಸಿದ್ದಾನೆ.

ಎರಡನೆಯದಾಗಿ, ಒಡವೆಯ ಉಪಯೋಗವನ್ನು ನೋಡಬೇಕು. ದಿನವೂ ಎಳೆತಕ್ಕೆ ಸಿಕ್ಕುವ ಸರದ ಕೊಂಡಿ, ಓಲೆಯ ತಿರುಪು, ತೆಳುವಾದ ಬಳೆ ಇವುಗಳಿಗೆ ಬಡಿದು, ಎಳೆದು ಮಾಡಿದ ಲೋಹವೇ ಒಳ್ಳೆಯದು. ಜುಮುಕಿಯ ಬುಟ್ಟಿ, ಗುಂಡಿನ ಸರದ ಗುಂಡುಗಳಂಥ ಪೊಳ್ಳು ಕೆಲಸವನ್ನು ತಗಡಿನಲ್ಲಿ ಮಾಡಿದರೆ ಹಗುರವಾಗಿ ಬರುತ್ತವೆ, ಕಿವಿಗೂ ಭಾರವೆನಿಸುವುದಿಲ್ಲ. ದೇವರ ಆಕೃತಿಯ ಪದಕ, ಗಟ್ಟಿ ಉಂಗುರ, ಒಂದೇ ಮಾದರಿಯ ಹೂಗಳು ಸಾಲಾಗಿ ಬರುವ ನೆಕ್ಲೇಸು ಇವುಗಳಿಗೆ ಎರಕವೇ ಸಾಕು. ಅಲ್ಲಿ ಕೈಕೆಲಸಕ್ಕೆ ಹೆಚ್ಚು ಮಜೂರಿ ಕೊಡುವುದು ನನಗಂತೂ ಅನಗತ್ಯವೆನಿಸುತ್ತದೆ.

ಆಮೇಲೆ ಒಡವೆಯನ್ನು ಮಗುಚಿ ನೋಡಬೇಕು, ಏಕೆಂದರೆ ಮುಂಭಾಗದ ಮೆರುಗು ಎಲ್ಲವನ್ನೂ ಮುಚ್ಚುತ್ತದೆ. ಅಂಗಡಿಯವರಲ್ಲಿ ಭೂತಗನ್ನಡಿ ಕೇಳಿ ಪಡೆದು ಕಲ್ಲಿನ ಬುಡವನ್ನೂ ದಪ್ಪ ಭಾಗ ತೆಳುವಾಗುವ ಸಂದುಗಳನ್ನೂ ಗಮನಿಸಿ. ಅಲ್ಲಿ ಸೂಜಿಮೊನೆಯಷ್ಟು ತೂತುಗಳು ಗುಂಪಾಗಿ ಕಂಡರೆ ಎರಕ ಹೊಯ್ಯುವಾಗ ಗಾಳಿ ಸಿಕ್ಕಿಕೊಂಡಿದೆ ಅಥವಾ ಚಿನ್ನ ಆರುವಾಗ ಕುಗ್ಗಿದೆ ಎಂದು ತಿಳಿಯಬೇಕು; ಅಂಥ ಒಡವೆ ಬಾಗಿದಾಗ ಅಲ್ಲಿಯೇ ಬಿರಿಯಬಹುದು. ಮೆರುಗಿನ ಸಾಧನ ತಲುಪದ ಒಳಮೂಲೆಗಳಲ್ಲಿ ಎರಕದ ಮೈ ತರಿತರಿಯಾಗಿ ಉಳಿದಿರುವುದೂ ಉಂಟು. ಕೈಕೆಲಸದಲ್ಲಿ ನೋಡಬೇಕಾದದ್ದು ಬೆಸುಗೆಯ ಗೆರೆಯನ್ನು: ಅದು ಸಣ್ಣದಾಗಿ, ಎಲ್ಲೂ ತುಂಡಾಗದೆ, ಸುತ್ತಲಿನ ಚಿನ್ನದ ಬಣ್ಣಕ್ಕೆ ಹೊಂದಿರಬೇಕು. ಕೆಡಿಎಂ ಎಂದು ಹೇಳಿ ಮಾರುವ ಒಡವೆಯ ಬೆಸುಗೆಯಲ್ಲಿ ಕ್ಯಾಡ್ಮಿಯಂ ಇರುತ್ತದೆ. ಅದರ ಹೊಗೆ ಅಕ್ಕಸಾಲಿಗರಿಗೆ ವಿಷವಾದುದರಿಂದ ಅದನ್ನು ಕೊಳ್ಳದಿರುವುದೇ ಸರಿ.

ಶುದ್ಧತೆಯ ವಿಷಯ ಬೇಗ ಮುಗಿಯುತ್ತದೆ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಚಿಹ್ನೆ, 22 ಕ್ಯಾರೆಟ್ ಶುದ್ಧತೆಯನ್ನು ತಿಳಿಸುವ 22ಕೆ916 ಎಂಬ ಗುರುತು ಮತ್ತು 2023ರ ಏಪ್ರಿಲ್ 1ರಿಂದ ಕಡ್ಡಾಯವಾಗಿರುವ ಪ್ರತಿ ಒಡವೆಗೂ ಬೇರೆಯಾದ, ಆರು ಅಕ್ಷರ-ಅಂಕಿಗಳ ಗುರುತುಸಂಖ್ಯೆಯಾದ ಎಚ್‌ಯುಐಡಿ, ಈ ಮೂರೂ ಇರಬೇಕು. ಎಚ್‌ಯುಐಡಿಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು. ತಯಾರಿಕೆಯ ಗುಣಮಟ್ಟವನ್ನು ಈ ಮುದ್ರೆ ಹೇಳುವುದಿಲ್ಲ.

ಲೆಕ್ಕ ಹಾಕುವಾಗ ವೇಸ್ಟೇಜಿನ (ತಯಾರಿಕೆಯ ಲೆಕ್ಕದಲ್ಲಿ ಒಡವೆಯ ತೂಕದ ಮೇಲೆ ಸೇರಿಸುವ ಚಿನ್ನದ ಪಾಲಿನ) ಶೇಕಡಾವಾರನ್ನಷ್ಟೇ ನೋಡಿದರೆ ಸಾಲದು. 10 ಗ್ರಾಂ ತೂಕದ ಕೈಕೆಲಸದ ಒಡವೆಗೆ ಶೇ 18, ಅದೇ ಅಳತೆಯ 12 ಗ್ರಾಂ ಎರಕದ ಒಡವೆಗೆ ಶೇ 10 ವೇಸ್ಟೇಜ್ ಎಂದಿಟ್ಟುಕೊಳ್ಳೋಣ. ಮೊದಲನೆಯದಕ್ಕೆ 11.8 ಗ್ರಾಂ, ಎರಡನೆಯದಕ್ಕೆ 13.2 ಗ್ರಾಂ ಚಿನ್ನದ ಬೆಲೆ ತೆರುತ್ತೀರಿ. ಕೈಯಿಂದ ಹೋಗುವ ಹಣ ಎರಕದಲ್ಲಿ ಹೆಚ್ಚು. ಆದರೆ ಚಿನ್ನವಾಗಿ ಉಳಿಯದೆ ಹೋಗುವ ಪಾಲು ಅದರಲ್ಲಿ 1.2 ಗ್ರಾಂ, ಕೈಕೆಲಸದಲ್ಲಿ 1.8 ಗ್ರಾಂ. ಕಲ್ಲಿನ ಒಡವೆಯಾದರೆ ಕಲ್ಲಿನ ತೂಕ ಕಳೆದ ನಿವ್ವಳ ತೂಕವನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಬರೆಸಿಕೊಳ್ಳಬೇಕು.

ಕೊನೆಗೆ ರಿಪೇರಿಯ ಬಗ್ಗೆ ವಿಚಾರಿಸಬೇಕು. ಕೈಕೆಲಸದ ಒಡವೆಯ ಭಾಗ ಸಡಿಲಾದರೆ ಊರಿನ ಪತ್ತಾರರೇ ಬಿಚ್ಚಿ ಬೆಸೆದುಕೊಡಬಲ್ಲರು. ಮೇಣದ ಹಂತದಲ್ಲಿಯೇ ಸಣ್ಣ ಹರಳುಗಳನ್ನು ಕೂರಿಸಿ ಎರಕ ಹೊಯ್ದ ಉಂಗುರದಲ್ಲಿ ಬಿದ್ದ ಹರಳನ್ನು ಮತ್ತೆ ಕೂರಿಸುವುದು ಕಷ್ಟ, ಸುತ್ತಲೂ ಹರಳಿದ್ದರೆ ಅಳತೆ ಬದಲಿಸುವುದೂ ಕಷ್ಟ. ಅದನ್ನು ಕೊಳ್ಳುವುದಾದರೆ ಬೆರಳಿನ ಅಳತೆಯನ್ನು ಬೆಳಿಗ್ಗೆ ಒಮ್ಮೆ, ಬೆರಳು ತುಸು ಊದಿಕೊಳ್ಳುವ ಸಂಜೆಯ ಹೊತ್ತು ಇನ್ನೊಮ್ಮೆ ತೆಗೆದುಕೊಂಡು ಹೋಗಿ.