ಸೌತ್ ಡೌನ್ಸ್‌ನಲ್ಲಿ ಮೌಂಟನ್ ಬೈಕ್: ನಾನು ದಾರಿ ಹಾಕಿಕೊಳ್ಳುವ ರೀತಿ

ಇಂಗ್ಲೆಂಡಿನ ದಕ್ಷಿಣ ತುದಿಯಲ್ಲಿ ವಿಂಚೆಸ್ಟರ್‌ನಿಂದ ಈಸ್ಟ್‌ಬೋರ್ನ್‌ವರೆಗೆ ಸೀಮೆಸುಣ್ಣದ ಗುಡ್ಡಗಳ ಒಂದು ಸಾಲಿದೆ, ಅದೇ ಸೌತ್ ಡೌನ್ಸ್. ಅದರ ಬೆನ್ನಿನ ಮೇಲೇ ಸಾಗುವ ಸೌತ್ ಡೌನ್ಸ್ ವೇ ಎಂಬ ದಾರಿ ಸುಮಾರು 160 ಕಿಲೋಮೀಟರ್ ಉದ್ದ. ಈ ಸಾಲಿನ ಅತಿ ಎತ್ತರದ ಬಟ್ಸರ್ ಹಿಲ್ ಕೂಡ 270 ಮೀಟರ್ ಅಷ್ಟೇ. ಮಲೆನಾಡಿನಿಂದ ಬಂದವರಿಗೆ ಇದೇನು ಗುಡ್ಡ ಅನ್ನಿಸಬಹುದು. ಆದರೆ ಪೂರ್ತಿ ದಾರಿ ತುಳಿದರೆ ಹತ್ತಿದ ಏರುಗಳ ಲೆಕ್ಕ 3,500 ಮೀಟರ್ ದಾಟುತ್ತದೆ.

ಇದಕ್ಕೆ ಕಾರಣ ನದಿಗಳು. ಮಿಯಾನ್, ಅರುಣ್, ಅಡರ್, ಊಜ್, ಕಕ್‌ಮಿಯರ್ ಈ ಸಾಲನ್ನು ಅಡ್ಡಡ್ಡ ಕೊರೆದುಕೊಂಡು ಸಮುದ್ರಕ್ಕೆ ಹೋಗುತ್ತವೆ. ಒಂದೊಂದು ನದಿ ಬಂದಾಗಲೂ ಅಷ್ಟು ಎತ್ತರದಿಂದ ಕೆಳಗಿಳಿಯಬೇಕು. ಕೊನೆಯ ನಾಲ್ಕರಲ್ಲಂತೂ ಹೆಚ್ಚು ಕಡಿಮೆ ಸಮುದ್ರ ಮಟ್ಟಕ್ಕೇ ಇಳಿಯಬೇಕು. ಸೇತುವೆ ದಾಟಿದ ತಕ್ಷಣ ಮತ್ತೆ ನೂರೈವತ್ತು, ಇನ್ನೂರು ಮೀಟರ್ ಹತ್ತಬೇಕು. ಹಾಗಾಗಿ ನಾನು ದಿನದ ಸವಾರಿಯನ್ನು ಕಿಲೋಮೀಟರ್ ನೋಡಿ ಗೊತ್ತುಮಾಡುವುದಿಲ್ಲ. ದಾರಿಯಲ್ಲಿ ಎಷ್ಟು ನದಿ ಬರುತ್ತವೆ ಎಂದು ಮೊದಲು ನೋಡುತ್ತೇನೆ. ಎರಡು ನದಿಗಳ ನಡುವಿನ ಮೂವತ್ತು ಕಿಲೋಮೀಟರ್ ಹಾಯಾಗಿರುತ್ತದೆ. ಅಷ್ಟೇ ದೂರದಲ್ಲಿ ಎರಡು ನದಿ ದಾಟಬೇಕಾದರೆ ಕಾಲು ಸೋಲುತ್ತದೆ.

ಎರಡನೆಯದು ಹಕ್ಕಿನ ವಿಷಯ. ಇಂಗ್ಲೆಂಡಿನಲ್ಲಿ ಹೊಲದ ನಡುವೆ ಕಾಣುವ ದಾರಿಯಲ್ಲೆಲ್ಲ ಸೈಕಲ್ ಹೊಡೆಯುವಂತಿಲ್ಲ. ಫುಟ್‌ಪಾತ್ ಅಂದರೆ ನಡೆಯುವವರಿಗೆ ಮಾತ್ರ, ಅದಕ್ಕೆ ಹಳದಿ ಬಾಣ. ಬ್ರೈಡಲ್‌ವೇ ಅಂದರೆ ಕುದುರೆ ಸವಾರರ ದಾರಿ, ಅದಕ್ಕೆ ನೀಲಿ ಬಾಣ. 1968ರ ಕಂಟ್ರಿಸೈಡ್ ಆಕ್ಟ್ ಈ ನೀಲಿ ಬಾಣದ ದಾರಿಗಳಲ್ಲಿ ಸೈಕಲ್ ಓಡಿಸುವ ಹಕ್ಕು ಕೊಟ್ಟಿತು. ಜೊತೆಗೆ ಎರಡು ಮಾತನ್ನೂ ಸೇರಿಸಿತು. ನಡೆಯುವವರಿಗೂ ಕುದುರೆಗೂ ಸೈಕಲ್‌ನವರು ದಾರಿ ಬಿಡಬೇಕು. ಸೈಕಲ್ ಹೋಗಲಿ ಅಂತ ಆ ದಾರಿಯನ್ನು ನುಣುಪು ಮಾಡಿಕೊಡುವ ಹೊಣೆ ಯಾರ ಮೇಲೂ ಇಲ್ಲ. ಬೇಲಿಯಲ್ಲಿ ಹತ್ತಿ ಇಳಿಯುವ ಮೆಟ್ಟಿಲು ಕಂಡರೆ ಅದು ನಿಮ್ಮ ದಾರಿಯಲ್ಲ ಎಂದೇ ತಿಳಿಯಿರಿ. ಕುದುರೆ ಮೆಟ್ಟಿಲು ಹತ್ತುವುದಿಲ್ಲವಲ್ಲ!

ಮೊಬೈಲ್ ಆ್ಯಪ್‌ಗಳು ಕೆಲವೊಮ್ಮೆ ಫುಟ್‌ಪಾತ್ ಮೇಲೆಯೇ ಗೆರೆ ಎಳೆದುಬಿಡುತ್ತವೆ. ಆದ್ದರಿಂದ ನಾನು ಮೊದಲು ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ 1:25,000 ನಕ್ಷೆ ತೆಗೆಯುತ್ತೇನೆ. ಅದರಲ್ಲಿ ಉದ್ದುದ್ದ ಹಸಿರು ಗೀಟುಗಳಿದ್ದರೆ ಬ್ರೈಡಲ್‌ವೇ, ಚಿಕ್ಕ ಚಿಕ್ಕ ಗೀಟುಗಳಿದ್ದರೆ ಫುಟ್‌ಪಾತ್. ಎತ್ತರದ ಗೆರೆಗಳು ಒತ್ತೊತ್ತಾಗಿ ಬಂದ ಕಡೆ ಬೆರಳಿಟ್ಟು ನೋಡುತ್ತೇನೆ. ಡೌನ್ಸ್‌ನ ಉತ್ತರದ ಮುಖ ಕಡಿದಾಗಿದೆ, ದಕ್ಷಿಣದ ಮುಖ ನಿಧಾನವಾಗಿ ಸಮುದ್ರದ ಕಡೆಗೆ ಇಳಿಯುತ್ತದೆ. ಮೊದಲ ಸಲ ಬರುವ ಗೆಳೆಯರನ್ನು ನಾನು ಆದಷ್ಟು ದಕ್ಷಿಣದಿಂದಲೇ ಹತ್ತಿಸುತ್ತೇನೆ. ಮೇಲೆ ತಲುಪಿದಾಗ ಅವರಲ್ಲಿ ಇನ್ನೂ ಉಸಿರು, ಉತ್ಸಾಹ ಎರಡೂ ಉಳಿದಿರುತ್ತವೆ.

ಹೊಸಬರಿಗೆ ನಾನು ಹೇಳುವ ದಾರಿ ಸೌತೀಸ್‌ನಿಂದ ಈಸ್ಟ್‌ಬೋರ್ನ್‌ವರೆಗಿನ ಸುಮಾರು 25 ಕಿಲೋಮೀಟರ್. ಊಜ್ ನದಿಯ ದಂಡೆಯ ಪುಟ್ಟ ಸ್ಟೇಷನ್‌ನಲ್ಲಿ ರೈಲಿನಿಂದ ಸೈಕಲ್ ಇಳಿಸಿದರೆ ಸೌತ್ ಡೌನ್ಸ್ ವೇ ಅಲ್ಲೇ ಸಿಗುತ್ತದೆ. ಆದರೆ ಮೈ ಬಿಸಿಯಾಗುವ ಮೊದಲೇ ಇಟ್‌ಫರ್ಡ್ ಹಿಲ್‌ನ ಏರು ಎದುರಾಗುತ್ತದೆ. ಇಲ್ಲಿ ಅವಸರ ಬೇಡ. ಅತಿ ಹಗುರ ಗೇರ್‌ಗೆ ಹಾಕಿ, ಸೀಟಿನ ಮುಂತುದಿಗೆ ಜರುಗಿ ಕೂತು, ಒಂದೇ ಲಯದಲ್ಲಿ ತುಳಿಯಿರಿ. ಎದ್ದು ನಿಂತು ತುಳಿದರೆ ಸಡಿಲ ಕಲ್ಲಿನಲ್ಲಿ ಹಿಂದಿನ ಚಕ್ರ ಸುಮ್ನೆ ತಿರುಗುತ್ತದೆ.

ಮೇಲೆ ಬಂದ ಮೇಲೆ ಇರುವುದೆಲ್ಲ ಹುಲ್ಲಿನ ಹಾದಿ. ಬೆಡಿಂಗ್‌ಹ್ಯಾಮ್ ಹಿಲ್‌ನ ಮಾಸ್ಟ್‌ಗಳನ್ನು ದಾಟಿ 217 ಮೀಟರಿನ ಫರ್ಲ್ ಬೀಕನ್ ತಲುಪುತ್ತೇವೆ. ಎಡಕ್ಕೆ ಬೇಲಿ ಬೇಲಿಯಾಗಿ ಹರಡಿದ ವೀಲ್ಡ್ ಬಯಲು, ಬಲಕ್ಕೆ ಸಮುದ್ರ. ಆಕಾಶದಲ್ಲೆಲ್ಲೋ ಸ್ಕೈಲಾರ್ಕ್ ಹಕ್ಕಿಯ ಹಾಡು. ಈ ಹಾದಿ ನನಗೆ ಎಷ್ಟು ಪ್ರೀತಿಯದು ಅಂದರೆ, ಇಲ್ಲಿ ವೇಗ ಹೆಚ್ಚಿಸಲು ಮನಸ್ಸೇ ಬರುವುದಿಲ್ಲ. ಹೇಗೂ ನಡುನಡುವೆ ಗೇಟುಗಳು ಬರುತ್ತವೆ. ಕುದುರೆ ಸವಾರರಿಗಾಗಿ ಹಲವು ಗೇಟುಗಳಿಗೆ ಎತ್ತರದ ಚಿಲಕ ಹಾಕಿರುತ್ತಾರೆ. ಅಭ್ಯಾಸವಾದರೆ ಸೈಕಲ್ ಮೇಲೆ ಕೂತೇ ತೆಗೆಯಬಹುದು. ಹಿಂದೆ ಮತ್ತೆ ಹಾಕುವುದು ಕಡ್ಡಾಯ. ಕುರಿ, ದನ ಮೇಯುವ ಜಾಗ ಅದು.

ಆಲ್ಫ್ರಿಸ್ಟನ್‌ಗೆ ಇಳಿಯುವ ದಾರಿಯಲ್ಲಿ ಚಕಮಕಿ ಕಲ್ಲು ಜಾಸ್ತಿ. ಸುಣ್ಣದ ಪದರದೊಳಗೆ ಗಡ್ಡೆಗಟ್ಟಿರುವ ಈ ಕಲ್ಲು ಒಡೆದರೆ ಅಂಚು ಚಾಕುವಿನಷ್ಟು ಹರಿತ. ಊರಿನ ಹಳೆ ಮನೆಗಳ ಗೋಡೆಯಲ್ಲಿ ಅಂದವಾಗಿ ಕೂತಿರುವುದೂ ಇದೇ ಕಲ್ಲು, ದಾರಿಯಲ್ಲಿ ಟಯರ್ ಪಕ್ಕ ಸೀಳುವುದೂ ಇದೇ. ನಾನು ಟ್ಯೂಬ್‌ಲೆಸ್ ಟಯರಿಗೆ ಸೀಲೆಂಟ್ (ಸಣ್ಣ ತೂತನ್ನು ತಾನೇ ಮುಚ್ಚುವ ದ್ರವ) ಹಾಕಿ, ಗಾಳಿಯನ್ನು 25ರಿಂದ 28 ಪಿಎಸ್‌ಐ ಒಳಗೆ ಇಡುತ್ತೇನೆ. ಚೀಲದಲ್ಲಿ ಪ್ಲಗ್, ಒಂದು ಟ್ಯೂಬ್, ಪಂಪ್ ಇದ್ದೇ ಇರುತ್ತವೆ. ಪಕ್ಕ ಸೀಳಿದರೆ ಒಳಗಿನಿಂದ ಒತ್ತಿಡಲು ಹಳೆ ಟಯರಿನ ಒಂದು ತುಂಡನ್ನೂ ಇಟ್ಟುಕೊಳ್ಳುತ್ತೇನೆ. ಮುಂದೆ ಮಾತ್ರ ಸಸ್ಪೆನ್ಷನ್ ಇರುವ 29 ಇಂಚಿನ ಹಾರ್ಡ್‌ಟೇಲ್ ಇಲ್ಲಿಗೆ ಧಾರಾಳ ಸಾಕು.

ಆಲ್ಫ್ರಿಸ್ಟನ್‌ನಲ್ಲಿ ಚಹಾ, ಕೇಕ್ ಮುಗಿಸಿ ಕಕ್‌ಮಿಯರ್ ದಾಟಿದರೆ ವಿಂಡೋವರ್ ಹಿಲ್. ಮತ್ತೆ 214 ಮೀಟರ್. ಲಾಂಗ್ ಮ್ಯಾನ್ ಅನ್ನುವ ಸುಮಾರು 70 ಮೀಟರ್ ಎತ್ತರದ ಮನುಷ್ಯನ ಆಕೃತಿ ಇದೇ ಗುಡ್ಡದ ಉತ್ತರದ ಇಳಿಜಾರಿನಲ್ಲಿದೆ. ಆದರೆ ನಮ್ಮ ದಾರಿ ಅದರ ತಲೆಯ ಮೇಲಿನಿಂದ ಹೋಗುವುದರಿಂದ ಸರಿಯಾಗಿ ಕಾಣುವುದಿಲ್ಲ. ಮುಂದೆ ಜೆವಿಂಗ್ಟನ್‌ಗೆ ಮರಗಳ ನಡುವೆ ಇಳಿತ, ಕೊನೆಯದೊಂದು ಏರು, ಆಮೇಲೆ ಈಸ್ಟ್‌ಬೋರ್ನ್. ಸೆವೆನ್ ಸಿಸ್ಟರ್ಸ್ ಬಿಳಿ ಬಂಡೆಗಳ ಮೇಲಿನ ದಾರಿ ನಡೆಯುವವರದ್ದು. ಆಸೆಯಾದರೂ ಸೈಕಲ್ ತೆಗೆದುಕೊಂಡು ಹೋಗಬೇಡಿ.

ಹ್ಯಾಸಕ್ಸ್‌ನಿಂದ ಲೂಯಿಸ್‌ವರೆಗಿನ ಸವಾರಿ ಇದಕ್ಕಿಂತ ಸಲೀಸು. ಹ್ಯಾಸಕ್ಸ್ ಸ್ಟೇಷನ್‌ನಿಂದ ಕ್ಲೇಟನ್‌ಗೆ ಬಂದು, ಜ್ಯಾಕ್ ಮತ್ತು ಜಿಲ್ ಎಂಬ ಎರಡು ಗಾಳಿಗಿರಣಿಗಳ ಹತ್ತಿರಕ್ಕೆ ಹತ್ತಬೇಕು. ಬಿಳಿ ಬಣ್ಣದ ಜಿಲ್ ಅನ್ನು 1821ರಲ್ಲಿ ಬ್ರೈಟನ್‌ನಲ್ಲಿ ಕಟ್ಟಿ, ಆಮೇಲೆ ಎತ್ತುಗಳಿಂದ ಇಲ್ಲಿಗೆ ಎಳೆಸಿಕೊಂಡು ಬಂದರು. ಅಲ್ಲಿಂದ 248 ಮೀಟರಿನ ಡಿಚ್ಲಿಂಗ್ ಬೀಕನ್, ಬ್ಲ್ಯಾಕ್‌ಕ್ಯಾಪ್, ಹಳೆ ಕುದುರೆ ರೇಸಿನ ಮೈದಾನದ ಪಕ್ಕದಿಂದ ಲೂಯಿಸ್. ನಡುವೆ ಒಂದು ನದಿಯೂ ಇಲ್ಲ.

ಈ ಸವಾರಿಯಲ್ಲಿ ನಾನು ತಪ್ಪಿಸದ ಒಂದು ಜಾಗವಿದೆ. ಗಾಳಿಗಿರಣಿ ದಾಟಿದ ಮೇಲೆ ಬ್ರೈಡಲ್‌ವೇ ಹಿಡಿದು ದಕ್ಷಿಣಕ್ಕೆ ಪ್ಯಾಚಮ್ ಕಡೆ ಇಳಿದರೆ ಹುಲ್ಲಿನ ನಡುವೆ ಬಿಳಿ ಅಮೃತಶಿಲೆಯ ಛತ್ರಿ, ಅಂದರೆ ಗುಮ್ಮಟದ ಸ್ಮಾರಕ ಮಂಟಪ ಕಾಣುತ್ತದೆ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಭಾರತದ ಸೈನಿಕರಿಗೆ ಬ್ರೈಟನ್‌ನ ರಾಯಲ್ ಪೆವಿಲಿಯನ್ ಅರಮನೆಯನ್ನೇ ಆಸ್ಪತ್ರೆ ಮಾಡಿದ್ದರು. ಬ್ರೈಟನ್‌ನಲ್ಲಿ ತೀರಿಕೊಂಡ 53 ಮಂದಿ ಹಿಂದೂ, ಸಿಖ್ ಸೈನಿಕರ ದಹನ ನಡೆದದ್ದು ಈ ಗುಡ್ಡದಲ್ಲಿ. ಅವರ ನೆನಪಿಗೆ ಕಟ್ಟಿದ ಛತ್ರಿ 1921ರಲ್ಲಿ ಅನಾವರಣಗೊಂಡಿತು. ಮನೆಯಿಂದ ಇಷ್ಟು ದೂರ ಬಂದು ಪ್ರಾಣ ಬಿಟ್ಟವರು. ಸೈಕಲ್ ಹೊರಗೆ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಸ್ವಲ್ಪ ಹೊತ್ತು ನಿಂತು ಬನ್ನಿ. ಮತ್ತೆ ಸಾಲಿಗೆ ಹತ್ತುವ ಶ್ರಮ ಜಾಸ್ತಿ, ಆದರೂ ಹೋಗಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ಮಳೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಸೀಮೆಸುಣ್ಣ ನೀರನ್ನು ಹೀರಿಕೊಂಡು ಕೆಳಕ್ಕೆ ಬಿಟ್ಟುಬಿಡುತ್ತದೆ. ಹಾಗಾಗಿ ಗುಡ್ಡದ ಬೆನ್ನು ಬೇಗ ಒಣಗುತ್ತದೆ. ಆದರೆ ಒದ್ದೆಯಿರುವಾಗ, ಜನರ ಓಡಾಟದಿಂದ ನುಣುಪಾದ ಬಿಳಿ ಇಳಿಜಾರು ಮಳೆಗಾಲದ ತೋಟದಲ್ಲಿ ಪಾಚಿ ಕಟ್ಟಿದ ಕಲ್ಲಿನ ಹಾಗೆ ಜಾರುತ್ತದೆ. ಅಲ್ಲಿ ಬ್ರೇಕ್ ಒತ್ತಿ ಹಿಡಿಯಬಾರದು. ವೇಗವನ್ನು ಇಳಿಜಾರಿಗೆ ಮೊದಲೇ ಇಳಿಸಿ, ಪಕ್ಕದಲ್ಲಿ ಹುಲ್ಲಿದ್ದರೆ ಚಕ್ರವನ್ನು ಅದರ ಮೇಲಿಡಿ. ಗುಡ್ಡದ ಬುಡದ ವೀಲ್ಡ್ ಬಯಲಿನದು ಜೇಡಿಮಣ್ಣು. ಚಳಿಗಾಲದಲ್ಲಿ ಕುದುರೆ ಗೊರಸು ತುಳಿದು ಅಲ್ಲಿಯ ಬ್ರೈಡಲ್‌ವೇಗಳು ಕೆಸರುಗದ್ದೆಯಾಗುತ್ತವೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ನಾನು ಮೇಲಿನ ಸಾಲು ಬಿಟ್ಟು ಕೆಳಗಿಳಿಯುವುದೇ ಇಲ್ಲ.

ನೀರು ಇಂಗಿಹೋಗುವುದರಿಂದ ಮೇಲೆ ತೊರೆಗಳೂ ಇಲ್ಲ. ಕುರಿಗಳಿಗಾಗಿಯೇ ಹಿಂದಿನವರು ತಳಕ್ಕೆ ಜೇಡಿ ಮೆತ್ತಿ ಹೊಂಡ ಕಟ್ಟುತ್ತಿದ್ದರು. ನಮಗೆ ಸ್ಯಾಡಲ್ಸ್‌ಕೂಮ್ ಫಾರ್ಮ್, ಅಡರ್ ನದಿಯ ಪಕ್ಕದ ಬೊಟಾಲ್ಫ್ಸ್ ಇಂಥ ಕೆಲವು ಕಡೆ ನಲ್ಲಿ ಸಿಗುತ್ತದೆ. ಬೇಸಿಗೆಯಲ್ಲಿ ಎರಡು ಲೀಟರ್ ಹೊತ್ತುಕೊಂಡೇ ಹೊರಡಿ. ಎತ್ತರದ ಹುಲ್ಲಿನಲ್ಲಿ ಕೂತಿದ್ದರೆ ಮನೆಗೆ ಬಂದು ಉಣ್ಣಿ ಹುಳ (ಟಿಕ್) ಕಚ್ಚಿದೆಯಾ ಎಂದು ಕಾಲು ನೋಡಿಕೊಳ್ಳಿ. ಲೈಮ್ ಕಾಯಿಲೆ ಅವುಗಳಿಂದ ಬರುತ್ತದೆ.

ಹಿಂದಿನಿಂದ ಕುದುರೆಯ ಹತ್ತಿರ ಬಂದಾಗ ಬೆಲ್‌ಗಿಂತ ಮನುಷ್ಯರ ದನಿ ಒಳ್ಳೆಯದು. ದೂರದಿಂದಲೇ ‘ಹಲೋ, ಗುಡ್ ಮಾರ್ನಿಂಗ್’ ಎನ್ನಿ. ಸವಾರರು ಕೈ ತೋರಿಸಿದ ಮೇಲೆ, ನಿಧಾನವಾಗಿ, ಸಾಕಷ್ಟು ಜಾಗ ಬಿಟ್ಟು ದಾಟಿ. ಬೆದರಿದ ಕುದುರೆಯಿಂದ ಬಿದ್ದವರ ಏಟು ಸಣ್ಣದಲ್ಲ.

ಪೂರ್ತಿ ದಾರಿ ಮಾಡುವವರು ಪಶ್ಚಿಮದಿಂದ ಪೂರ್ವಕ್ಕೆ ಹೋಗಿ. ಇಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುವುದರಿಂದ ಬೆನ್ನಿಗೆ ಸಿಗುತ್ತದೆ. ಒಂದೇ ದಿನದಲ್ಲಿ ಮುಗಿಸುವ ಗಟ್ಟಿಗರಿದ್ದಾರೆ. ನನಗೆ ಎರಡು ದಿನವೇ ಇಷ್ಟ. ಅರುಣ್ ದಂಡೆಯ ಆ್ಯಂಬರ್ಲಿ ಹೆಚ್ಚು ಕಡಿಮೆ ನಡುಮಧ್ಯ, ಅಲ್ಲಿ ರೈಲ್ವೆ ಸ್ಟೇಷನ್ ಕೂಡ ಇದೆ. ಸುಸ್ತಾದರೆ ಅಲ್ಲಿಂದಲೇ ವಾಪಸ್ ಬರಬಹುದು, ಉಳಿದರ್ಧ ಇನ್ನೊಂದು ವಾರಾಂತ್ಯಕ್ಕೆ. ವಾರದ ದಿನ ಹೋಗುವುದಾದರೆ ಒಂದು ಮಾತು. ಬೆಳಗ್ಗೆ, ಸಂಜೆ ಆಫೀಸಿನ ಜನ ಓಡಾಡುವ ಹೊತ್ತಿನಲ್ಲಿ ಮಡಚಲು ಬರದ ಸೈಕಲ್ಲನ್ನು ಲಂಡನ್ ರೈಲಿಗೆ ಬಿಡುವುದಿಲ್ಲ. ವಾಪಸ್ ಬರುವ ಸಮಯವನ್ನು ಅದಕ್ಕೆ ಸರಿಯಾಗಿ ಇಟ್ಟುಕೊಳ್ಳಿ. ಮನೆ ತಲುಪಿದ ದಿನವೇ ಸೈಕಲ್ ತೊಳೆಯಿರಿ. ಸುಣ್ಣದ ಕೆಸರು ಒಣಗಿ ಗಟ್ಟಿಯಾದರೆ ಕೆರೆದು ತೆಗೆಯುವುದು ಕಷ್ಟ, ಚೈನು ಮತ್ತು ಬ್ರೇಕ್ ಪ್ಯಾಡ್ ಎರಡೂ ಬೇಗ ಸವೆಯುತ್ತವೆ.