ಮಗು ಗದ್ದ ನೋಡೋದನ್ನ ನಾನು ಕಲಿತಿದ್ದು ಹೀಗೆ

ಐದನೇ ತಿಂಗಳಲ್ಲಿ ಮಗು ಅಂಗಾಂಗದಲ್ಲಿ ದೋಷ ಇದ್ಯಾ ಅಂತ ನೋಡೋ ಅನಾಮಲಿ ಸ್ಕ್ಯಾನಲ್ಲಿ ಮುಖ ಅಂದ್ರೆ ಮೊದಮೊದ್ಲು ನಾನು ಎದುರಿಂದ ಮೂಗು, ತುಟಿ ನೋಡ್ತಿದ್ದೆ, ಸೀಳು ತುಟಿ ಇಲ್ಲ ಅಂತಾದ್ರೆ ಮುಂದಕ್ಕೆ ಹೋಗಿಬಿಡ್ತಿದ್ದೆ. ಹಾಗೆ ನಾನು ನಾರ್ಮಲ್ ಅಂತ ಬರೆದುಕೊಟ್ಟ ಒಂದು ಮಗು ಚಿಕ್ಕ ನರ್ಸಿಂಗ್ ಹೋಮಲ್ಲಿ ಹುಟ್ತು, ಕೆಳದವಡೆ ತೀರಾ ಚಿಕ್ಕದು, ನಾಲಿಗೆ ಹಿಂದಕ್ಕೆ ಬಿದ್ದು ಉಸಿರಾಡೋಕೇ ಆಗ್ತಿರಲಿಲ್ಲ. ಇದಕ್ಕೆ ಪಿಯರ್ ರಾಬಿನ್ ಸೀಕ್ವೆನ್ಸ್ ಅಂತಾರೆ. ಮಗು ಉಳೀತು, ಆದ್ರೆ ಆ ರಾತ್ರಿ ಆಂಬುಲೆನ್ಸಲ್ಲಿ ಮಗು ಮನೆಯವರು ಪಟ್ಟ ಪಾಡು ನನಗೆ ಇವತ್ತಿಗೂ ಮರೆತಿಲ್ಲ.

ಅವತ್ತಿಂದ ಸೈಡಿಂದ ಮುಖ ಸಿಗದೆ ರಿಪೋರ್ಟ್ ಕೊಡಲ್ಲ. ಹಣೆ, ಮೂಗಿನ ಮೂಳೆ, ತುಟಿ, ಗದ್ದ ಎಲ್ಲಾ ಸರಿಯಾಗಿ ನಡುಮಧ್ಯದ ಕಟ್‌ನಲ್ಲಿ ಬರಬೇಕು, ಪ್ರೋಬ್ ಸ್ವಲ್ಪ ಓರೆ ಆದ್ರೂ ಚೆನ್ನಾಗಿರೋ ಗದ್ದನೂ ಚಿಕ್ಕದಾಗಿ ಕಾಣುತ್ತೆ. ಮಗು ಮುಖ ಅಮ್ಮನ ಬೆನ್ನು ಕಡೆ ತಿರುಗಿದ್ರೆ ಅಮ್ಮನ್ನ ಒಂದರ್ಧ ಗಂಟೆ ಓಡಾಡಿ ಬನ್ನಿ ಅಂತ ಕಳಿಸ್ತೀನಿ, ಹೊರಗೆ ಕ್ಯೂ ಇದ್ರೂ ಸರಿ. 3ಡಿ ಚಿತ್ರ ನೋಡೋಕೆ ಚಂದ, ಆದ್ರೆ ಹೊಕ್ಕುಳ ಬಳ್ಳಿ ನೆರಳು ಬಿದ್ರೂ ತುಟಿ ಸೀಳಿದ ಹಾಗೆ ಕಾಣಬಹುದು, ಅದಕ್ಕೇ ನಂಗೆ 2ಡಿ ಮೇಲೇ ನಂಬಿಕೆ.

ಎರಡನೇ ಕೇಸ್ 20 ವಾರದ್ದು. ಗದ್ದ ಹಿಂದಕ್ಕೆ ಸರಿದಿತ್ತು, ಗದ್ದ ಎಷ್ಟು ಹಿಂದಿದೆ ಅಂತ ತೋರಿಸೋ ಇನ್ಫೀರಿಯರ್ ಫೇಶಿಯಲ್ ಆಂಗಲ್ ಅಳೆದ್ರೆ 42 ಡಿಗ್ರಿ, 50ಕ್ಕಿಂತ ಕಡಿಮೆ ಬಂದ್ರೇ ಅನುಮಾನ ಪಡಬೇಕು. ಚಿಕ್ಕ ದವಡೆ ಟ್ರೈಸೋಮಿ 18 ಅನ್ನೋ ಕ್ರೋಮೋಸೋಮ್ ತೊಂದರೇಲೂ ಬರುತ್ತೆ ಅಂತ ಹೃದಯ, ಕೈಬೆರಳು, ಕಿವಿ ಎಲ್ಲಾ ಮತ್ತೆ ನೋಡಿದೆ, ಏನೂ ಸಿಗಲಿಲ್ಲ, ಆಮೇಲೆ ಮಾಡಿಸಿದ ಆಮ್ನಿಯೋ (ಗರ್ಭದ ನೀರು ತೆಗೆದು ಕ್ರೋಮೋಸೋಮ್ ನೋಡೋ ಪರೀಕ್ಷೆ) ರಿಪೋರ್ಟೂ ನಾರ್ಮಲ್ ಬಂತು.

ಜೊತೆಲಿ ಬಂದಿದ್ದ ಅತ್ತೆ ಕೇಳಿದ್ದು ಒಂದೇ, "ಹೋದ ವಾರ ಗ್ರಹಣದ ದಿನ ಇವ್ಳು ಹೊರಗೆ ಬಂದಿದ್ಲು ಡಾಕ್ಟ್ರೇ, ಅದಕ್ಕೇನಾ?" ಆ ಹುಡುಗಿ ತಲೆ ತಗ್ಗಿಸಿ ಅಳ್ತಾ ಇದ್ಲು. "ಅಲ್ಲ ಅಮ್ಮ, ತುಟಿ ಏಳನೇ ವಾರದ ಹೊತ್ತಿಗೆ ಕೂಡಿಕೊಳ್ಳುತ್ತೆ, ಅಂಗುಳ ಮೂರನೇ ತಿಂಗಳಿಗೆ ಮುಚ್ಚಿ ಆಗಿರುತ್ತೆ, ದವಡೆ ಚಿಕ್ಕದಾದಾಗ ನಾಲಿಗೆ ಮೇಲೇ ನಿಂತುಬಿಡುತ್ತೆ, ಅಂಗುಳದ ಎರಡು ಕಡೆ ಸೇರೋಕೆ ಜಾಗ ಸಿಗಲ್ಲ, ಹೋದ ವಾರದ ಗ್ರಹಣಕ್ಕೂ ಇದಕ್ಕೂ ಸಂಬಂಧನೇ ಇಲ್ಲ, ಇವಳ ತಪ್ಪು ಏನೂ ಇಲ್ಲ" ಅಂತ ಮಗು ಚಿತ್ರ ಬರೆದು ತೋರಿಸಿದೆ. ಅಂಗುಳದ ಸೀಳು ಸ್ಕ್ಯಾನಲ್ಲಿ ಕಾಣದೇ ಇರಬಹುದು, ಇರೋ ಸಾಧ್ಯತೆ ಮಾತ್ರ ಹೆಚ್ಚು ಅಂತನೂ ಮುಚ್ಚಿಡದೆ ಹೇಳಿದೆ.

30ನೇ ವಾರಕ್ಕೆ ಮಗು ಸರಿಯಾಗಿ ನುಂಗದೆ ಗರ್ಭದ ನೀರು ಜಾಸ್ತಿ ಆಗಿತ್ತು. ಅಷ್ಟೊತ್ತಿಗೆ ಎನ್ಐಸಿಯು (ಹುಟ್ಟಿದ ಮಕ್ಕಳ ತೀವ್ರ ನಿಗಾ ಘಟಕ), ಇಎನ್‌ಟಿ, ಅನಸ್ತೇಸಿಯಾ ಮೂರೂ ಇರೋ ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆ ಅಂತ ತೀರ್ಮಾನ ಆಗಿತ್ತು. ಹುಟ್ಟಿದ ತಕ್ಷಣ ಬೋರಲು ಮಲಗಿಸಿದ್ರು, ನಾಲಿಗೆ ಮುಂದಕ್ಕೆ ಬಂತು, ಮೂಗಿಂದ ಒಂದು ಟ್ಯೂಬ್ ಹಾಕಿದ್ರು, ಅಷ್ಟರಲ್ಲೇ ಉಸಿರಾಟ ಸರಿಹೋಯ್ತು. ಅಂಗುಳ ಸೀಳಿತ್ತು, ಒಂದು ವರ್ಷದ ಹೊತ್ತಿಗೆ ಆಪರೇಷನ್ ಆಯ್ತು.

ಈಗ ಇಂಥದ್ದು ಕಂಡ್ರೆ ರಿಪೋರ್ಟ್ ಕೊನೇಲಿ "ಹುಟ್ಟಿದ ತಕ್ಷಣ ಉಸಿರಾಟದ ತೊಂದರೆ ಸಾಧ್ಯತೆ" ಅಂತ ದಪ್ಪ ಅಕ್ಷರದಲ್ಲಿ ಬರೀತೀನಿ, ಹೆರಿಗೆ ಮಾಡಿಸೋ ಡಾಕ್ಟರಿಗೆ ನಾನೇ ಫೋನೂ ಮಾಡ್ತೀನಿ.